ಓದುಗರ ಪ್ರಶ್ನೆಗಳಿಗೆ ಉತ್ತರ: ವಿಜ್ಞಾನದ ತರಗತಿಗೆ ಬಂದ ಸೃಷ್ಟಿಯ ವಾದ

ಕಳೆದ ತಿಂಗಳ ಅಂಕಣದಲ್ಲಿ, ತಿಮಿಂಗಿಲದ ಪೂರ್ವಜರು ನೆಲದ ಮೇಲೆ ಓಡಾಡುತ್ತಿದ್ದ ಪ್ರಾಣಿಗಳೆಂದು ಬರೆದಿದ್ದೆ. ಅದನ್ನು ಓದಿ ಬಂದ ಪತ್ರಗಳಲ್ಲಿ ಹೆಚ್ಚಿನವು ತಿಮಿಂಗಿಲವನ್ನು ಬಿಟ್ಟು, ಜೀವವಿಕಾಸವಾದಕ್ಕೂ ಸೃಷ್ಟಿವಾದಕ್ಕೂ ನಡೆಯುತ್ತ ಬಂದಿರುವ ವಿವಾದವನ್ನೇ ಹಿಡಿದುಕೊಂಡಿವೆ. ಆದ್ದರಿಂದ ಈ ಬಾರಿಯ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇನೆ. ಒಂದೇ ಅರ್ಥದ ಪ್ರಶ್ನೆಗಳನ್ನು ಕೂಡಿಸಿದ್ದೇನೆ. ಬರೆದವರ ಹೆಸರನ್ನು ಬಿಟ್ಟು ಊರನ್ನಷ್ಟೇ ಕೊಟ್ಟಿದ್ದೇನೆ.

ಪ್ರಶ್ನೆ: ನಾವು ಹದಿನಾಲ್ಕು ವರ್ಷಗಳಿಂದ ಅಮೆರಿಕದ ಪೆನ್ಸಿಲ್ವೇನಿಯದಲ್ಲಿದ್ದೇವೆ. ಮಗ ಈ ವರ್ಷ ಒಂಬತ್ತನೆಯ ತರಗತಿಗೆ ಬಂದಿದ್ದಾನೆ. ಪಕ್ಕದ ಮನೆಯವರು ಬಹಳ ಒಳ್ಳೆಯ ಜನ, ಕಷ್ಟಕಾಲದಲ್ಲಿ ನಮಗೆ ಆದವರು. "ಶಾಲೆಯಲ್ಲಿ ಡಾರ್ವಿನ್ನನ ವಾದವನ್ನು ಹೇಳುವುದಾದರೆ ಸೃಷ್ಟಿಕರ್ತನ ವಾದವನ್ನೂ ಹೇಳಲಿ, ಎರಡನ್ನೂ ಕೇಳಿ ಮಕ್ಕಳೇ ತೀರ್ಮಾನಿಸಲಿ" ಎಂದು ಅವರು ಹೇಳುತ್ತಾರೆ. ಕೇಳುವಾಗ ನ್ಯಾಯ ಅನ್ನಿಸುತ್ತದೆ, ಆದರೂ ಮನಸ್ಸು ಒಪ್ಪುವುದಿಲ್ಲ. ಇದೇ ರಾಜ್ಯದಲ್ಲಿ ಹಿಂದೊಮ್ಮೆ ಈ ವಿಷಯ ಕೋರ್ಟಿಗೆ ಹೋಗಿತ್ತಂತೆ. ದಯವಿಟ್ಟು ವಿವರಿಸಿ. — ಓದುಗರೊಬ್ಬರು, ಪಿಟ್ಸ್‌ಬರ್ಗ್

ಉತ್ತರ: ನಿಮ್ಮ ನೆರೆಯವರ ಕಾಳಜಿ ಪ್ರಾಮಾಣಿಕವಾದದ್ದೇ. ಇಬ್ಬರ ಮಾತನ್ನೂ ಕೇಳಬೇಕೆನ್ನುವುದು ಊರಿನ ಪಂಚಾಯಿತಿ ಕಟ್ಟೆಯಿಂದ ಹಿಡಿದು ನ್ಯಾಯಾಲಯದವರೆಗೆ ಎಲ್ಲೆಡೆ ಸಲ್ಲುವ ನೀತಿ. ಆದರೆ ನ್ಯಾಯಾಲಯ ಇಬ್ಬರ ಮಾತನ್ನೂ ಕೇಳಿ ಅಲ್ಲಿಗೇ ಬಿಡುವುದಿಲ್ಲ. ಸಾಕ್ಷ್ಯವನ್ನು ಕೇಳುತ್ತದೆ, ಪಾಟೀಸವಾಲಿಗೆ ಅವಕಾಶ ಕೊಡುತ್ತದೆ, ಕೊನೆಗೆ ತೀರ್ಪು ಹೇಳುತ್ತದೆ. ನೀವು ಕೇಳಿರುವ ಪ್ರಕರಣದಲ್ಲಿ ಈ ಎರಡೂ ವಾದಗಳು ಪ್ರಮಾಣವಚನದ ಅಡಿಯಲ್ಲಿ ಹಾಗೆಯೇ ತೂಗಲ್ಪಟ್ಟವು. ಅದಕ್ಕಾಗಿಯೇ ಅದನ್ನು ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ.

ಪೆನ್ಸಿಲ್ವೇನಿಯದ ಯಾರ್ಕ್ ಕೌಂಟಿಯಲ್ಲಿ ಡೋವರ್ ಎಂಬ ಸಣ್ಣ ಊರಿದೆ. 2004ರಲ್ಲಿ ಅಲ್ಲಿನ ಸರ್ಕಾರಿ ಪ್ರೌಢಶಾಲೆಗೆ ಜೀವಶಾಸ್ತ್ರದ ಹೊಸ ಪಠ್ಯಪುಸ್ತಕಗಳನ್ನು ಕೊಳ್ಳಬೇಕಾಗಿ ಬಂದಾಗ, ಶಿಕ್ಷಕರು ಆರಿಸಿದ್ದ ಪುಸ್ತಕದ ತುಂಬ ಡಾರ್ವಿನ್ನನ ವಿಚಾರವೇ ಇದೆಯೆಂದು ಶಾಲಾ ಮಂಡಳಿಯಲ್ಲಿ ಆಕ್ಷೇಪ ಎದ್ದಿತು. ಅಲ್ಲಿ ಮಂಡಳಿಯ ಸದಸ್ಯರು ಊರಿನ ಜನರಿಂದ ಚುನಾಯಿತರಾಗಿ ಬರುವವರು. ಅಕ್ಟೋಬರ್ 18ರ ಸಭೆಯಲ್ಲಿ 6–3 ಮತಗಳಿಂದ ಒಂದು ನಿರ್ಣಯ ಅಂಗೀಕಾರವಾಯಿತು. ವಿರೋಧಿಸಿದ ಮೂವರಲ್ಲಿ ಇಬ್ಬರು ಅದೇ ರಾತ್ರಿ ರಾಜೀನಾಮೆ ಕೊಟ್ಟು ಹೊರನಡೆದರು. ಆ ನಿರ್ಣಯದ ಫಲವಾಗಿ, ಒಂಬತ್ತನೆಯ ತರಗತಿಯ ಜೀವಶಾಸ್ತ್ರದ ಮಕ್ಕಳಿಗೆ ನಾಲ್ಕು ಪ್ಯಾರಾಗಳ ಹೇಳಿಕೆಯೊಂದನ್ನು ಓದಿ ಹೇಳಬೇಕೆಂದಾಯಿತು. ಡಾರ್ವಿನ್ನನದು ಸಿದ್ಧಾಂತವೇ ಹೊರತು ಸತ್ಯಸಂಗತಿಯಲ್ಲ, ಅದರಲ್ಲಿ ಪುರಾವೆಯಿಲ್ಲದ ಕಂದರಗಳಿವೆ, ಜೀವದ ಮೂಲವನ್ನು ಕುರಿತು ಬೇರೆ ವಿವರಣೆ ಕೊಡುವ "ಇಂಟೆಲಿಜೆಂಟ್ ಡಿಸೈನ್", ಅಂದರೆ ಬುದ್ಧಿಪೂರ್ವಕ ವಿನ್ಯಾಸ ಎಂಬ ಇನ್ನೊಂದು ವಾದವಿದೆ, ಬೇಕಾದವರು ಅದರ ಪುಸ್ತಕವನ್ನು ಶಾಲೆಯಲ್ಲಿ ನೋಡಬಹುದು ಎನ್ನುವುದು ಆ ಹೇಳಿಕೆಯ ಸಾರ.

ವಿಜ್ಞಾನದ ಶಿಕ್ಷಕರು ಅದನ್ನು ಓದಲು ಒಪ್ಪಲಿಲ್ಲ. ಗೊತ್ತಿದ್ದೂ ಪಾಠವನ್ನು ತಪ್ಪಾಗಿ ನಿರೂಪಿಸಬಾರದೆಂದು ರಾಜ್ಯದ ಶಿಕ್ಷಕರ ನೀತಿಸಂಹಿತೆ ಹೇಳುತ್ತದೆ, ಬುದ್ಧಿಪೂರ್ವಕ ವಿನ್ಯಾಸ ವಿಜ್ಞಾನವಲ್ಲ, ಆದ್ದರಿಂದ ಇದನ್ನು ಓದಿದರೆ ನಾವು ನಮ್ಮ ವೃತ್ತಿಗೆ ದ್ರೋಹ ಮಾಡಿದಂತಾಗುತ್ತದೆ ಎಂಬ ಅರ್ಥದ ಪತ್ರವನ್ನು ಅವರು ಆಡಳಿತಕ್ಕೆ ಬರೆದುಕೊಟ್ಟರು. ಕೊನೆಗೆ 2005ರ ಜನವರಿಯಲ್ಲಿ ಆಡಳಿತಾಧಿಕಾರಿಗಳೇ ತರಗತಿಗೆ ಬಂದು ಹೇಳಿಕೆಯನ್ನು ಓದಿ ಹೋದರು. ಅಷ್ಟು ಹೊತ್ತು ಶಿಕ್ಷಕರು ಹೊರಗೆ ನಿಂತಿದ್ದರು. ಈ ಇಡೀ ವಿವಾದದಲ್ಲಿ ನನ್ನ ಮನಸ್ಸನ್ನು ಅತ್ಯಂತ ಕಲಕುವ ಚಿತ್ರ ಇದೇ. ಅವರು ದೊಡ್ಡ ಸಂಶೋಧಕರಲ್ಲ, ಸಣ್ಣ ಊರಿನ ಮೇಷ್ಟ್ರುಗಳು. ಕೆಲಸ ಹೋದೀತೆಂಬ ಭಯ ಅವರಿಗೂ ಇದ್ದಿರಲೇಬೇಕು.

ಅಷ್ಟರಲ್ಲಿ, 2004ರ ಡಿಸೆಂಬರ್ 14ರಂದು, ಹನ್ನೊಂದು ಮಂದಿ ಪೋಷಕರು ಹ್ಯಾರಿಸ್‌ಬರ್ಗ್‌ನ ಫೆಡರಲ್ ನ್ಯಾಯಾಲಯದಲ್ಲಿ ದಾವೆ ಹೂಡಿದ್ದರು. ಕಾನೂನಿನ ಹಿನ್ನೆಲೆಯನ್ನು ಇಲ್ಲಿ ಹೇಳಲೇಬೇಕು. ಅಮೆರಿಕದ ಸರ್ಕಾರಿ ಶಾಲೆಗಳು ಯಾವ ಮತವನ್ನೂ ಬೋಧಿಸುವಂತಿಲ್ಲ. ವಿಕಾಸವಾದದಷ್ಟೇ ಸಮನಾಗಿ "ಸೃಷ್ಟಿ ವಿಜ್ಞಾನ"ವನ್ನೂ ಕಲಿಸಬೇಕೆಂದು ಲೂಸಿಯಾನ ರಾಜ್ಯ ಮಾಡಿದ್ದ ಕಾನೂನನ್ನು ಅಮೆರಿಕದ ಸುಪ್ರೀಂ ಕೋರ್ಟ್ 1987ರ ಜೂನ್‌ನಲ್ಲಿ 7–2 ಬಹುಮತದಿಂದ ರದ್ದುಪಡಿಸಿತ್ತು. ಹಾಗಾಗಿ ಡೋವರ್ ಪ್ರಕರಣದಲ್ಲಿ ನ್ಯಾಯಾಲಯದ ಮುಂದಿದ್ದ ಮುಖ್ಯ ಪ್ರಶ್ನೆಯೆಂದರೆ, ಬುದ್ಧಿಪೂರ್ವಕ ವಿನ್ಯಾಸವೆನ್ನುವುದು ಹೊಸ ವಿಜ್ಞಾನವೋ ಅಥವಾ ಹಳೆಯ ಸೃಷ್ಟಿವಾದವೇ ಹೆಸರು ಬದಲಿಸಿಕೊಂಡು ಬಂದಿದೆಯೋ ಎಂಬುದು. ದೇವರಿದ್ದಾನೆಯೇ ಇಲ್ಲವೇ ಎಂಬುದನ್ನು ಅಲ್ಲಿ ಯಾರೂ ಕೇಳಲಿಲ್ಲ.

ಹೇಳಿಕೆಯಲ್ಲಿ ಸೂಚಿಸಿದ್ದ ಪುಸ್ತಕದ ಹೆಸರು "ಆಫ್ ಪಾಂಡಾಸ್ ಅಂಡ್ ಪೀಪಲ್". ಅದರ ಹಳೆಯ ಕರಡು ಪ್ರತಿಗಳನ್ನು ಪೋಷಕರ ವಕೀಲರು ನ್ಯಾಯಾಲಯದ ಮೂಲಕ ತರಿಸಿಕೊಂಡರು. ತತ್ತ್ವಶಾಸ್ತ್ರದ ಪ್ರಾಧ್ಯಾಪಕಿ ಬಾರ್ಬರಾ ಫಾರೆಸ್ಟ್ ಆ ಕರಡುಗಳನ್ನು ಸಾಲುಸಾಲಾಗಿ ಹೋಲಿಸಿ ನೋಡಿದಾಗ, 1987ರ ತೀರ್ಪಿಗೆ ಮುಂಚಿನ ಪ್ರತಿಗಳಲ್ಲಿ "ಸೃಷ್ಟಿ" ಎಂದಿದ್ದ ಸುಮಾರು 150 ಕಡೆ ತೀರ್ಪಿನ ನಂತರ "ಬುದ್ಧಿಪೂರ್ವಕ ವಿನ್ಯಾಸ" ಎಂದು ಬದಲಾಗಿರುವುದು ಕಂಡುಬಂತು. ವ್ಯಾಖ್ಯಾನದ ವಾಕ್ಯ ಮಾತ್ರ ಹಾಗೆಯೇ ಉಳಿದಿತ್ತು. ಒಂದು ಕಡೆಯಂತೂ ತಿದ್ದುವವರ ಕೈತಪ್ಪು ಅಚ್ಚಳಿಯದೆ ನಿಂತುಬಿಟ್ಟಿತ್ತು. "ಕ್ರಿಯೇಷನಿಸ್ಟ್ಸ್" (ಸೃಷ್ಟಿವಾದಿಗಳು) ಎಂಬ ಪದವನ್ನು ಅಳಿಸಿ "ಡಿಸೈನ್ ಪ್ರೊಪೊನೆಂಟ್ಸ್" (ವಿನ್ಯಾಸವಾದದ ಪ್ರತಿಪಾದಕರು) ಎಂದು ಸೇರಿಸಲು ಹೋಗಿ, ಹಳೆಯ ಪದದ ತಲೆ ಮುಂದೆ, ಬಾಲ ಹಿಂದೆ ಉಳಿದು, "ಸಿಡಿಸೈನ್ ಪ್ರೊಪೊನೆಂಟ್‌ಸಿಸ್ಟ್ಸ್" ಎಂಬ ಯಾವ ನಿಘಂಟಿನಲ್ಲೂ ಇಲ್ಲದ ಪದ ಹುಟ್ಟಿಕೊಂಡಿತ್ತು. ಸೃಷ್ಟಿವಾದ ಎಲ್ಲಿ ಮುಗಿದು ವಿನ್ಯಾಸವಾದ ಎಲ್ಲಿ ಆರಂಭವಾಯಿತೆಂಬುದನ್ನು ಆ ಒಂದು ಪದವೇ ತೋರಿಸಿಕೊಟ್ಟಿತು.

ವಿಜ್ಞಾನದ ವಿಷಯವನ್ನೂ ನ್ಯಾಯಾಲಯ ಕೇಳದೆ ಬಿಡಲಿಲ್ಲ. ವಿನ್ಯಾಸವಾದದ ಪರವಾಗಿ ಸಾಕ್ಷಿ ಹೇಳಿದ ಜೀವರಸಾಯನ ವಿಜ್ಞಾನಿ ಮೈಕೆಲ್ ಬೀಹಿ ಅವರ ಮುಖ್ಯ ವಾದ ಹೀಗಿತ್ತು: ಹಲಗೆಗೆ ಸ್ಪ್ರಿಂಗ್ ಜೋಡಿಸಿದ ಇಲಿ ಹಿಡಿಯುವ ಸಾಧನದಿಂದ ಒಂದು ಭಾಗವನ್ನು ತೆಗೆದರೂ ಅದು ಕೆಲಸಕ್ಕೆ ಬಾರದಂತೆ, ಬ್ಯಾಕ್ಟೀರಿಯವನ್ನು ಈಜಿಸುವ ಕಶಾಂಗದಿಂದ ಒಂದು ಭಾಗವನ್ನು ತೆಗೆದರೂ ಅದು ನಿಂತುಹೋಗುತ್ತದೆ, ಆದ್ದರಿಂದ ಅದು ಹಂತಹಂತವಾಗಿ ರೂಪುಗೊಂಡಿರಲಾರದು. ಪೋಷಕರ ಕಡೆಯ ಮೊದಲ ಸಾಕ್ಷಿಯಾಗಿದ್ದ ಕೆನೆತ್ ಮಿಲ್ಲರ್, ಶಿಕ್ಷಕರು ಆರಿಸಿದ್ದ ಆ ಪಠ್ಯಪುಸ್ತಕದ ಲೇಖಕರಲ್ಲೊಬ್ಬರು. ಕಶಾಂಗದ ಹಲವು ಪ್ರೋಟೀನುಗಳನ್ನು ಕಳೆದರೆ ಉಳಿಯುವ ಭಾಗ, ಕೆಲವು ರೋಗಕಾರಕ ಬ್ಯಾಕ್ಟೀರಿಯಗಳು ವಿಷವನ್ನು ಬೇರೆ ಜೀವಕೋಶದೊಳಕ್ಕೆ ಚುಚ್ಚಲು ಬಳಸುವ ಸೂಜಿಯಂಥ ಅಂಗವನ್ನು ಬಹುಮಟ್ಟಿಗೆ ಹೋಲುತ್ತದೆಂದು ಅವರು ತೋರಿಸಿದರು. ಅರ್ಧ ಯಂತ್ರಕ್ಕೂ ಬೇರೊಂದು ಕೆಲಸವಿರಬಹುದು ಎಂದಾದ ಮೇಲೆ ಆ ವಾದದ ಬುಡ ಅಲುಗಿತು. ಪಾಟೀಸವಾಲಿನಲ್ಲಿ ಬೀಹಿಯವರು, ವಿಜ್ಞಾನದ ಸಿದ್ಧಾಂತಕ್ಕೆ ತಾವು ಕೊಡುವ ವ್ಯಾಖ್ಯಾನವನ್ನು ಒಪ್ಪಿದರೆ ಜ್ಯೋತಿಷ್ಯವೂ ಅದರೊಳಗೆ ಬರುತ್ತದೆಂದು ಒಪ್ಪಿಕೊಳ್ಳಬೇಕಾಯಿತು. ದೇಹದ ರೋಗನಿರೋಧಕ ವ್ಯವಸ್ಥೆಯ ವಿಕಾಸವನ್ನು ಕುರಿತ 58 ಸಂಶೋಧನ ಲೇಖನಗಳನ್ನೂ ಹಲವು ಪುಸ್ತಕಗಳನ್ನೂ ವಕೀಲರು ಅವರ ಮುಂದೆ ಒಂದರ ಮೇಲೊಂದು ಪೇರಿಸಿಟ್ಟಾಗ, ಅವೆಲ್ಲವೂ ಸಾಲವು ಎಂದಷ್ಟೇ ಅವರು ಉತ್ತರಿಸಿದರು.

ನ್ಯಾಯಮೂರ್ತಿ ಜಾನ್ ಜೋನ್ಸ್ ಅವರು ರಿಪಬ್ಲಿಕನ್ ಪಕ್ಷದ ಹಿನ್ನೆಲೆಯವರು, ಅಧ್ಯಕ್ಷ ಜಾರ್ಜ್ ಡಬ್ಲ್ಯೂ. ಬುಷ್ ಅವರಿಂದ ನೇಮಕಗೊಂಡವರು. 2005ರ ಡಿಸೆಂಬರ್ 20ರಂದು ಅವರು ಕೊಟ್ಟ 139 ಪುಟಗಳ ತೀರ್ಪು, ಬುದ್ಧಿಪೂರ್ವಕ ವಿನ್ಯಾಸ ವಿಜ್ಞಾನವಲ್ಲ, ಸೃಷ್ಟಿವಾದದ ಬೇರಿನಿಂದ ಅದನ್ನು ಬಿಡಿಸಲು ಬಾರದು ಎಂದು ಸ್ಪಷ್ಟವಾಗಿ ಹೇಳಿತು. ತೀರ್ಪಿಗೂ ಮುಂಚೆಯೇ ಊರಿನವರು ತಮ್ಮ ಮಾತನ್ನು ಹೇಳಿಯಾಗಿತ್ತು: ನವೆಂಬರ್ 8ರ ಚುನಾವಣೆಯಲ್ಲಿ ಮರಳಿ ಸ್ಪರ್ಧಿಸಿದ್ದ ಮಂಡಳಿಯ ಎಂಟೂ ಸದಸ್ಯರು ಸೋತಿದ್ದರು. ಹೊಸ ಮಂಡಳಿ ಮೇಲ್ಮನವಿಗೆ ಹೋಗಲಿಲ್ಲ. ಪೋಷಕರ ಕಡೆಯ ವಕೀಲರ ವೆಚ್ಚವೆಂದು ಸುಮಾರು 10 ಲಕ್ಷ ಡಾಲರನ್ನು ತೆತ್ತಿತು. ಒಂದು ಸಣ್ಣ ಊರಿನ ಶಾಲೆಗೆ ಅದು ಎಷ್ಟು ಪುಸ್ತಕ, ಎಷ್ಟು ಸೂಕ್ಷ್ಮದರ್ಶಕ ಆಗುತ್ತಿತ್ತೆಂದು ಯೋಚಿಸಿದರೆ ಹೊಟ್ಟೆ ಉರಿಯುತ್ತದೆ.

ಇನ್ನು "ಮಕ್ಕಳೇ ತೀರ್ಮಾನಿಸಲಿ" ಎಂಬ ಮಾತು. ಅನ್ನ ಬಡಿಸುವ ಮೊದಲು ಅಕ್ಕಿಯನ್ನು ಕೇರಿ ಕಲ್ಲು ಆರಿಸುವುದು ಮನೆಯ ಹಿರಿಯರ ಕೆಲಸ. ಎರಡನ್ನೂ ಬೇಯಿಸಿ ತಟ್ಟೆಗೆ ಹಾಕಿ, ನೀನೇ ಆರಿಸಿಕೊಂಡು ಉಣ್ಣು ಎಂದು ಯಾವ ತಾಯಿಯೂ ಮಗುವಿಗೆ ಹೇಳುವುದಿಲ್ಲ. ಇಲ್ಲಿ ಕಲ್ಲು ಎಂದದ್ದು ನಿಮ್ಮ ನೆರೆಯವರ ದೈವಭಕ್ತಿಗಲ್ಲ; ಪರೀಕ್ಷೆಗೆ ಒಳಪಡದೆಯೇ ವಿಜ್ಞಾನದ ಹೆಸರನ್ನು ಹೊತ್ತು ಬಂದ ಮಾತಿಗೆ. ಹೊಸ ವಾದವೊಂದು ಪ್ರಯೋಗಶಾಲೆಯಲ್ಲಿ, ಸಂಶೋಧನ ಪತ್ರಿಕೆಗಳಲ್ಲಿ, ತನ್ನನ್ನು ಒಪ್ಪದವರ ಎದುರಿನಲ್ಲಿ ಗೆದ್ದು, ಆಮೇಲೆ ಶಾಲೆಯ ಪುಸ್ತಕಕ್ಕೆ ಬರಬೇಕು. ವಿನ್ಯಾಸವಾದಿಗಳು ಆ ದಾರಿಯನ್ನು ಬಿಟ್ಟು ನೇರವಾಗಿ ಹದಿನಾಲ್ಕು ವರ್ಷದ ಮಕ್ಕಳ ಬಳಿಗೆ ಹೋದರು. ನಿಮ್ಮ ಮನಸ್ಸು ಒಪ್ಪದೆ ಇದ್ದದ್ದು ಇದನ್ನೇ ಎಂದು ನನಗೆ ಅನ್ನಿಸುತ್ತದೆ. ನೆರೆಯವರೊಡನೆ ಈ ಮಾತನ್ನು ಸ್ನೇಹದಿಂದಲೇ ಆಡಿ.

ಪ್ರಶ್ನೆ: ಹಾಗಾದರೆ ಅಮೆರಿಕದಲ್ಲಿ ಸೃಷ್ಟಿವಾದವನ್ನು ಹೇಳುವುದೇ ಅಪರಾಧವೆ? — ಓದುಗರೊಬ್ಬರು, ಕುಮಟಾ

ಉತ್ತರ: ಖಂಡಿತ ಅಲ್ಲ. ಮನೆಯಲ್ಲಿ, ಚರ್ಚಿನಲ್ಲಿ, ಖಾಸಗಿ ಧಾರ್ಮಿಕ ಶಾಲೆಗಳಲ್ಲಿ ಅದನ್ನು ಹೇಳಲು ಪೂರ್ಣ ಸ್ವಾತಂತ್ರ್ಯವಿದೆ. ಸರ್ಕಾರಿ ಶಾಲೆಯಲ್ಲಿಯೂ ವಿವಿಧ ಧರ್ಮಗಳ ಪರಿಚಯ ಮಾಡಿಕೊಡುವ ಪಾಠದಲ್ಲಿ ಸೃಷ್ಟಿಯ ಕಥೆಗಳನ್ನು ಓದಬಹುದು. ವಿಜ್ಞಾನದ ತರಗತಿಯಲ್ಲಿ, ವಿಜ್ಞಾನವೆಂದು, ಸರ್ಕಾರದ ಹಣದಲ್ಲಿ ಕಲಿಸಬಾರದು ಎಂಬುದಷ್ಟೇ ನಿರ್ಬಂಧ.

ಪ್ರಶ್ನೆ: ಡಾರ್ವಿನ್ನನದು ಬರೀ ಸಿದ್ಧಾಂತ ಎಂದ ಮೇಲೆ ಅದು ಇನ್ನೂ ರುಜುವಾತಾಗಿಲ್ಲ ಎಂದೇ ಅರ್ಥವಲ್ಲವೆ? — ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರು, ಗೋಕಾಕ

ಉತ್ತರ: ತಾವು ಪದವನ್ನೇ ಹಿಡಿದು ಕೇಳಿರುವುದರಿಂದ ಪದದಿಂದಲೇ ಆರಂಭಿಸುತ್ತೇನೆ. ಇಂಗ್ಲಿಷಿನ "ಥಿಯರಿ" ಆಡುಮಾತಿನಲ್ಲಿ ಊಹೆ ಎಂಬ ಅರ್ಥವನ್ನೂ ಕೊಡುತ್ತದೆ. ಡೋವರ್‌ನ ಹೇಳಿಕೆ ಆಟವಾಡಿದ್ದು ಆ ಎರಡು ಅರ್ಥಗಳ ನಡುವೆ. ನಮ್ಮ "ಸಿದ್ಧಾಂತ"ಕ್ಕೆ ಅಂಥ ತೊಡಕಿಲ್ಲ. ಸಿದ್ಧವಾದ ಅಂತ, ವಿಚಾರ ಮಾಡಿ ಕೊನೆಗೆ ಸ್ಥಾಪಿತವಾದ ನಿರ್ಣಯ ಎಂದೇ ಅದರ ಅರ್ಥ. ಪೂರ್ವಪಕ್ಷವನ್ನು ಹೇಳಿ, ಅದನ್ನು ಪರಿಶೀಲಿಸಿ, ಬಳಿಕ ಸಿದ್ಧಾಂತಕ್ಕೆ ಬರುವುದು ನಮ್ಮ ಶಾಸ್ತ್ರಗಳ ಹಳೆಯ ಕ್ರಮ. ಆದ್ದರಿಂದ ಕನ್ನಡದಲ್ಲಿ "ಬರೀ ಸಿದ್ಧಾಂತ" ಎನ್ನುವುದು, ನನ್ನ ದೃಷ್ಟಿಯಲ್ಲಿ, ಇಂಗ್ಲಿಷಿನ ಗೊಂದಲವೊಂದನ್ನು ಸಾಲ ತಂದಂತೆ.

ರುಜುವಾತಿನ ಮಾತಿಗೆ ಬರೋಣ. ಒಳ್ಳೆಯ ಸಿದ್ಧಾಂತ ತಾನು ಸೋಲಬಹುದಾದ ಜಾಗವನ್ನು ತಾನೇ ತೋರಿಸಿಕೊಡುತ್ತದೆ. ಚಿಂಪಾಂಜಿ, ಗೊರಿಲ್ಲ, ಒರಾಂಗುಟಾನ್‌ಗಳಿಗೆ 24 ಜೊತೆ ವರ್ಣತಂತುಗಳಿವೆ (ಜೀವಕೋಶದೊಳಗೆ ಅನುವಂಶೀಯ ಗುಣಗಳನ್ನು ಹೊತ್ತಿರುವ ಕ್ರೋಮೋಸೋಮ್‌ಗಳು), ಮನುಷ್ಯನಿಗೆ 23. ಎಲ್ಲರೂ ಒಂದೇ ಮೂಲದಿಂದ ಬಂದವರಾದರೆ ಆ ಒಂದು ಜೊತೆ ಎಲ್ಲಿ ಹೋಯಿತು? ಅಷ್ಟು ದೊಡ್ಡ ವರ್ಣತಂತು ಪೂರ್ತಿಯಾಗಿ ಕಳೆದುಹೋದರೆ ಜೀವ ಉಳಿಯುವುದಿಲ್ಲ. ಹಾಗಾದರೆ ಎರಡು ವರ್ಣತಂತುಗಳು ತುದಿಗೆ ತುದಿ ಬೆಸೆದುಕೊಂಡಿರಬೇಕು. ಬೆಸೆದುಕೊಂಡಿದ್ದರೆ ಗುರುತು ಉಳಿದಿರಬೇಕು. ವರ್ಣತಂತುವಿನ ತುದಿಗಳಲ್ಲಿ, ಶೂ ಲೇಸಿನ ತುದಿಗೆ ಹಾಕಿದ ಕಟ್ಟಿನಂತೆ, ಟೆಲೊಮಿಯರ್ ಎಂಬ ವಿಶಿಷ್ಟ ಭಾಗವಿರುತ್ತದೆ. ನಡುವೆ ಸೆಂಟ್ರೊಮಿಯರ್ ಎಂಬ ಇನ್ನೊಂದು ಗುರುತಿರುತ್ತದೆ. ಮನುಷ್ಯನ ಎರಡನೆಯ ವರ್ಣತಂತುವನ್ನು ಬಿಡಿಸಿ ಓದಿದಾಗ, ತುದಿಯಲ್ಲಿರಬೇಕಾದ ಟೆಲೊಮಿಯರ್ ಒಳಭಾಗದಲ್ಲಿ ಸಿಕ್ಕಿತು. ಕೆಲಸ ನಿಲ್ಲಿಸಿದ ಎರಡನೆಯ ಸೆಂಟ್ರೊಮಿಯರಿನ ಅವಶೇಷವೂ ಸಿಕ್ಕಿತು. ಆ ಗುರುತು ಸಿಗದೆ ಹೋಗಿದ್ದರೆ ಸಮಾನ ಪೂರ್ವಜನ ವಾದ ಕಷ್ಟಕ್ಕೆ ಸಿಲುಕುತ್ತಿತ್ತು. ಡೋವರ್ ಪ್ರಕರಣದ ವಿಚಾರಣೆಯಲ್ಲಿ ಮಿಲ್ಲರ್ ಇದನ್ನೂ ವಿವರಿಸಿದ್ದರು.

ಇನ್ನೊಂದನ್ನು ಚುಟುಕಾಗಿ ಹೇಳುತ್ತೇನೆ. ಮೀನುಗಳಿಂದ ನಾಲ್ಕು ಕಾಲಿನ ಪ್ರಾಣಿಗಳು ಬಂದಿದ್ದರೆ, ಎರಡರ ಲಕ್ಷಣವೂ ಇರುವ ಜೀವಿಯ ಪಳೆಯುಳಿಕೆ ಸುಮಾರು 37.5 ಕೋಟಿ ವರ್ಷ ಹಳೆಯ ಬಂಡೆಗಳಲ್ಲಿ ಸಿಗಬೇಕೆಂದು ಲೆಕ್ಕ ಹಾಕಿ, ಪಳೆಯುಳಿಕೆ ತಜ್ಞ ನೀಲ್ ಶೂಬಿನ್ ಮತ್ತು ಸಂಗಡಿಗರು ಕೆನಡಾದ ಉತ್ತರ ತುದಿಯ ಎಲ್ಸ್‌ಮಿಯರ್ ದ್ವೀಪದಲ್ಲಿ ಹಲವು ಬೇಸಿಗೆ ಹುಡುಕಿದರು. 2004ರಲ್ಲಿ ಅವರಿಗೆ ಟಿಕ್ಟಾಲಿಕ್ ಸಿಕ್ಕಿತು: ಮೀನಿನ ಹುರುಪೆ, ಮೀನಿನ ಈಜುರೆಕ್ಕೆ, ಆದರೆ ರೆಕ್ಕೆಯೊಳಗೆ ತೋಳಿನ ಮೂಳೆಗಳು, ಜೊತೆಗೆ ತಿರುಗಿಸಬಲ್ಲ ಕುತ್ತಿಗೆ.

ಪ್ರಶ್ನೆ: ಮಂಗನಿಂದ ಮಾನವ ಆದನೆನ್ನುತ್ತೀರಿ. ಹಾಗಿದ್ದರೆ ಮಂಗಗಳು ಇನ್ನೂ ಏಕೆ ಮಂಗಗಳಾಗಿಯೇ ಇವೆ? ಮಂಗ ಮನುಷ್ಯನಾದದ್ದನ್ನು ಕಣ್ಣಾರೆ ಕಂಡವರು ಯಾರು? ಇದನ್ನು ಕೇಂದ್ರದ ಮಂತ್ರಿಗಳೂ ಹೇಳಿದ್ದರು. — ಓದುಗರಿಬ್ಬರು, ಚನ್ನಗಿರಿ ಮತ್ತು ಸಿಂಧನೂರು

ಉತ್ತರ: ಇಂದಿನ ಮಂಗದಿಂದ ಮನುಷ್ಯ ಬಂದನೆಂದು ಜೀವವಿಕಾಸವಾದ ಹೇಳುವುದಿಲ್ಲ. ನಾವೂ ಚಿಂಪಾಂಜಿಗಳೂ ದಾಯಾದಿಗಳು. ಸುಮಾರು 60–70 ಲಕ್ಷ ವರ್ಷಗಳ ಹಿಂದೆ ಬದುಕಿದ್ದ ಒಂದೇ ಮೂಲದ ಜೀವಿಗಳಿಂದ ಎರಡು ಕವಲುಗಳು ಒಡೆದವು. ನಿಮ್ಮ ಚಿಕ್ಕಪ್ಪನ ಮಕ್ಕಳು ಇಂದಿಗೂ ಇರುವುದು, ನಿಮಗೂ ಅವರಿಗೂ ಒಬ್ಬನೇ ಅಜ್ಜ ಎಂಬುದಕ್ಕೆ ಅಡ್ಡಿಯಾಗುವುದಿಲ್ಲವಷ್ಟೆ.

ನೀವು ಹೇಳಿದ ಮಾತು 2018ರ ಜನವರಿಯದು. ಆಗ ಮಾನವ ಸಂಪನ್ಮೂಲ ಅಭಿವೃದ್ಧಿ ಖಾತೆಯ ರಾಜ್ಯ ಸಚಿವರಾಗಿದ್ದ ಸತ್ಯಪಾಲ್ ಸಿಂಗ್ ಅವರು, ಡಾರ್ವಿನ್ನನ ಸಿದ್ಧಾಂತ ವೈಜ್ಞಾನಿಕವಾಗಿ ತಪ್ಪು, ಮಂಗ ಮನುಷ್ಯನಾದದ್ದನ್ನು ಕಂಡೆವೆಂದು ನಮ್ಮ ಪೂರ್ವಜರು ಯಾರೂ ಬರೆದಿಲ್ಲ, ಪಠ್ಯವನ್ನು ಬದಲಾಯಿಸಬೇಕು ಎಂಬ ಅರ್ಥದಲ್ಲಿ ಹೇಳಿದ್ದರು. ಬೆಂಗಳೂರಿನಲ್ಲಿ ಕಚೇರಿಯಿರುವ ಭಾರತೀಯ ವಿಜ್ಞಾನ ಅಕಾಡೆಮಿಯೂ ಸೇರಿದಂತೆ ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಕೂಡಲೇ ಜಂಟಿ ಹೇಳಿಕೆ ಕೊಟ್ಟು, ಆ ಮಾತಿಗೆ ಆಧಾರವಿಲ್ಲವೆಂದು ತಿಳಿಸಿದವು. ಅದನ್ನು ಓದಿದ ದಿನ ನನಗೆ ಸಮಾಧಾನವಾಯಿತು; ನಮ್ಮ ವಿಜ್ಞಾನಿಗಳು ಇಷ್ಟು ಬೇಗ, ಇಷ್ಟು ನೇರವಾಗಿ ಒಂದೇ ದನಿಯಲ್ಲಿ ಮಾತಾಡುವುದು ಅಪರೂಪ.

ಕಣ್ಣಾರೆ ಕಾಣುವುದೊಂದೇ ಸಾಕ್ಷ್ಯವಾಗಿದ್ದರೆ ಮುತ್ತಜ್ಜನ ಮುತ್ತಜ್ಜ ಇದ್ದನೆಂಬುದಕ್ಕೂ ನಮ್ಮಲ್ಲಿ ಸಾಕ್ಷ್ಯವಿಲ್ಲ. ಆಗಿಹೋದದ್ದು ಬಿಟ್ಟುಹೋದ ಗುರುತುಗಳನ್ನು ಓದಬೇಕಾಗುತ್ತದೆ. ಕಳೆದ ತಿಂಗಳು ಜಾಗ ಸಾಲದೆ ಬಿಟ್ಟಿದ್ದ ತಿಮಿಂಗಿಲದ ಸಂಗತಿಯನ್ನು ಈಗ ಹೇಳುತ್ತೇನೆ. ಭಾರತೀಯ ಭೂವಿಜ್ಞಾನಿ ಎ. ರಂಗರಾವ್ ಅವರು ಜಮ್ಮು-ಕಾಶ್ಮೀರದ ಕಾಲಾಕೋಟ್‌ನ ಬಂಡೆಗಳಿಂದ ಸುಮಾರು 4.8 ಕೋಟಿ ವರ್ಷ ಹಳೆಯ, ಬೆಕ್ಕಿಗಿಂತ ತುಸು ದೊಡ್ಡದಾದ, ಗೊರಸುಳ್ಳ ಪ್ರಾಣಿಯೊಂದರ ಪಳೆಯುಳಿಕೆಯನ್ನು ಸಂಗ್ರಹಿಸಿ, 1971ರಲ್ಲಿ ಅದಕ್ಕೆ ಇಂಡೊಹಯಸ್ ಎಂದು ಹೆಸರಿಟ್ಟರು. ಅವರು ತಂದಿದ್ದ ಬಂಡೆಗಳಲ್ಲಿ ಎಷ್ಟೋ ಒಡೆಯದೆ ಹಾಗೆಯೇ ಉಳಿದಿದ್ದವು. ಅವರು ತೀರಿಕೊಂಡ ಮೇಲೆ ಅವರ ಪತ್ನಿ ಆ ಸಂಗ್ರಹವನ್ನು ಸಂಶೋಧಕ ಹ್ಯಾನ್ಸ್ ಥೀವಿಸನ್ ಅವರಿಗೆ ಒಪ್ಪಿಸಿದರು. ಬಂಡೆ ಬಿಡಿಸುವ ಕೆಲಸದಲ್ಲಿ ಕಿವಿಯ ಭಾಗದ ಮೂಳೆ ಅಕಸ್ಮಾತ್ತಾಗಿ ಮುರಿದಾಗ, ಅದರ ಒಳಗೋಡೆ ಅಸಾಮಾನ್ಯವಾಗಿ ದಪ್ಪವಾಗಿರುವುದು ಕಂಡಿತು. ಅಂಥ ಕಿವಿಮೂಳೆ ಅಲ್ಲಿಯವರೆಗೆ ತಿಮಿಂಗಿಲದ ಬಳಗದಲ್ಲಿ ಮಾತ್ರ ಕಂಡಿದ್ದದ್ದು. ಕಾಲಿನ ಮೂಳೆಗಳೂ ನೀರಿನಲ್ಲಿ ನಡೆಯುವ ನೀರ್ಗುದುರೆಯ ಮೂಳೆಗಳಂತೆ ಗಟ್ಟಿಯಾಗಿ ತೂಕವಾಗಿದ್ದವು. 2007ರಲ್ಲಿ ಇದು ಪ್ರಕಟವಾದಾಗ, ತಿಮಿಂಗಿಲಗಳಿಗೆ ಅತ್ಯಂತ ಹತ್ತಿರದ ನೆಲದ ನೆಂಟ ನಮ್ಮ ನಾಡಿನ ಬಂಡೆಯಲ್ಲಿಯೇ ಮಲಗಿತ್ತೆಂಬುದು ಜಗತ್ತಿಗೆ ಗೊತ್ತಾಯಿತು. ಕಂಡವರು ಯಾರೂ ಇರಲಿಲ್ಲ, ಮೂಳೆ ಇತ್ತು.

ಪ್ರಶ್ನೆ: 1925ರ "ಮಂಕಿ ಟ್ರಯಲ್"ನಲ್ಲಿ ವಿಕಾಸವಾದ ಗೆದ್ದಿತೆಂದು ಭಾಷಣವೊಂದರಲ್ಲಿ ಕೇಳಿದೆ. ನಿಜವೆ? — ಓದುಗರೊಬ್ಬರು, ಬೆಂಗಳೂರು

ಉತ್ತರ: ಕಾನೂನಿನ ಲೆಕ್ಕದಲ್ಲಿ ನಿಜವಲ್ಲ. ಟೆನೆಸೀ ರಾಜ್ಯ 1925ರ ಮಾರ್ಚ್‌ನಲ್ಲಿ, ಸರ್ಕಾರಿ ಶಾಲೆಗಳಲ್ಲಿ ಮಾನವ ವಿಕಾಸವನ್ನು ಬೋಧಿಸುವುದೇ ಅಪರಾಧವೆಂದು ಕಾನೂನು ಮಾಡಿತ್ತು. ಅದನ್ನು ಮುರಿದ ಆರೋಪದ ಮೇಲೆ ಡೇಟನ್ ಎಂಬ ಊರಿನ 24 ವರ್ಷದ ಶಿಕ್ಷಕ ಜಾನ್ ಸ್ಕೋಪ್ಸ್ ಜುಲೈನಲ್ಲಿ ವಿಚಾರಣೆಗೆ ಒಳಗಾದರು. ಸ್ಕೋಪ್ಸ್ ಪರವಾಗಿ ವಕೀಲ ಕ್ಲಾರೆನ್ಸ್ ಡ್ಯಾರೋ, ಎದುರು ಪಕ್ಷದಲ್ಲಿ ಮೂರು ಸಲ ಅಧ್ಯಕ್ಷ ಪದವಿಗೆ ಸ್ಪರ್ಧಿಸಿ ಸೋತಿದ್ದ ವಿಲಿಯಂ ಜೆನ್ನಿಂಗ್ಸ್ ಬ್ರಯನ್ ವಾದಿಸಿದರು. ಜ್ಯೂರಿ ಕೆಲವೇ ನಿಮಿಷಗಳಲ್ಲಿ ಸ್ಕೋಪ್ಸ್ ತಪ್ಪಿತಸ್ಥರೆಂದು ಹೇಳಿತು, 100 ಡಾಲರ್ ದಂಡ ಬಿತ್ತು. ದಂಡವನ್ನು ನಿಗದಿ ಮಾಡಬೇಕಾದದ್ದು ಜ್ಯೂರಿ, ನ್ಯಾಯಾಧೀಶರಲ್ಲ ಎಂಬ ತಾಂತ್ರಿಕ ಕಾರಣದಿಂದ 1927ರಲ್ಲಿ ಶಿಕ್ಷೆ ರದ್ದಾಯಿತಾದರೂ, ಕಾನೂನು 1967ರವರೆಗೆ ಜಾರಿಯಲ್ಲೇ ಇತ್ತು.

ಬ್ರಯನ್ ಅವರನ್ನು ಮೂಢರೆಂದು ಚಿತ್ರಿಸುವುದು ರೂಢಿಯಾಗಿಬಿಟ್ಟಿದೆ. ಅದನ್ನು ನಾನು ಒಪ್ಪುವುದಿಲ್ಲ. ಬಲಿಷ್ಠರೇ ಬಾಳಬೇಕು ಎಂಬ ತತ್ತ್ವ ಸಮಾಜಕ್ಕೆ ಅನ್ವಯವಾದರೆ ಬಡವರ ಗತಿಯೇನು ಎಂಬ ಅವರ ಆತಂಕಕ್ಕೆ ಆಧಾರವಿತ್ತು. ಡೇಟನ್ನಿನಲ್ಲಿ ಬೋಧನೆಯಲ್ಲಿದ್ದ ಜೀವಶಾಸ್ತ್ರದ ಪಠ್ಯದಲ್ಲೇ, ಕೆಲವು ಕುಟುಂಬಗಳನ್ನು ಸಮಾಜಕ್ಕೆ ಅಂಟಿದ ಪರೋಪಜೀವಿಗಳೆಂದು ಕರೆದು, ಅವರಿಗೆ ಸಂತಾನವಾಗದಂತೆ ತಡೆಯಬೇಕೆಂದು ವಾದಿಸುವ ಪುಟಗಳಿದ್ದವು. ಅದು ವಿಜ್ಞಾನದ ಹೆಸರಿನಲ್ಲಿ ನಡೆದ ಘೋರ ತಪ್ಪು. ವಿಕಾಸವಾದವನ್ನು ಒಪ್ಪುವ ನಮ್ಮಂಥವರು ಅದನ್ನು ಮುಚ್ಚಿಡಬಾರದು. ಜೀವಿಗಳು ಹೇಗೆ ಬದಲಾದವೆಂಬುದನ್ನು ವಿಕಾಸವಾದ ಹೇಳುತ್ತದೆ. ನಾವು ಒಬ್ಬರನ್ನೊಬ್ಬರು ಹೇಗೆ ನಡೆಸಿಕೊಳ್ಳಬೇಕೆಂಬುದನ್ನು ಅದರಿಂದ ಹೊರತೆಗೆಯಲು ಹೋದದ್ದೇ ಆ ಪುಸ್ತಕದ ಅಪರಾಧ.

ಪ್ರಶ್ನೆ: ವಿಕಾಸವನ್ನು ಒಪ್ಪಿದರೆ ದೇವರನ್ನು ಬಿಡಬೇಕೆ? ನಮ್ಮ ದಶಾವತಾರದಲ್ಲಿ ಮೀನು, ಆಮೆ, ಹಂದಿ, ನರಸಿಂಹ ಎಂದು ವಿಕಾಸವೇ ಇದೆಯಲ್ಲ? — ಓದುಗರೊಬ್ಬರು, ಉಡುಪಿ

ಉತ್ತರ: ಬಿಡಬೇಕಾಗಿಲ್ಲ. 1981ರಲ್ಲಿ ಅರ್ಕಾನ್ಸಾ ರಾಜ್ಯ ಸೃಷ್ಟಿವಾದಕ್ಕೆ ಸಮಾನ ಸ್ಥಾನ ಕೊಡುವ ಕಾನೂನು ತಂದಾಗ, ಅದರ ವಿರುದ್ಧದ ದಾವೆಯಲ್ಲಿ ಮೊದಲ ಹೆಸರು ಒಬ್ಬ ಮೆಥಡಿಸ್ಟ್ ಪಾದ್ರಿಯದು. ಅವರೊಡನೆ ಕ್ಯಾಥೊಲಿಕ್, ಎಪಿಸ್ಕೋಪಲ್ ಮೊದಲಾದ ಚರ್ಚುಗಳ ಹಿರಿಯರೂ ಇದ್ದರು. 1982ರ ಜನವರಿಯಲ್ಲಿ ಆ ಕಾನೂನು ಬಿದ್ದುಹೋಯಿತು. ಮೇಲೆ ಹೇಳಿದ ಕೆನೆತ್ ಮಿಲ್ಲರ್ ಸ್ವತಃ ಶ್ರದ್ಧಾವಂತ ಕ್ಯಾಥೊಲಿಕರು. ತಮ್ಮ ಧರ್ಮಗ್ರಂಥವನ್ನು ಪಠ್ಯಪುಸ್ತಕದ ಮಟ್ಟಕ್ಕೆ ಇಳಿಸುವುದೇ ಅದಕ್ಕೆ ಅಗೌರವವೆಂದು ಭಾವಿಸಿದ ಆಸ್ತಿಕರು ಈ ಹೋರಾಟದ ಉದ್ದಕ್ಕೂ ಇದ್ದಾರೆ.

ದಶಾವತಾರದ ಹೋಲಿಕೆ ಮನಸ್ಸಿಗೆ ಹಿತವಾಗಿದೆ, ನಿಜ. ಆದರೆ ಮೊದಲನೆಯ ಅವತಾರವನ್ನೇ ನೋಡಿ: ಮತ್ಸ್ಯ ಬರುವಾಗ ಮನು ಆಗಲೇ ದಡದಲ್ಲಿದ್ದಾನೆ, ಅರ್ಘ್ಯದ ನೀರಿನಲ್ಲಿ ಆ ಮೀನನ್ನು ಬೊಗಸೆಗೆ ಎತ್ತಿಕೊಳ್ಳುತ್ತಾನೆ. ಮೀನಿಗೂ ಮೊದಲೇ ಮನುಷ್ಯನಿರುವ ಕಥೆಯದು. ಅಲ್ಲಿ ಆಮೆ ಹಂದಿಯಾಗುವುದಿಲ್ಲ. ಭಗವಂತನೇ ಕಾಲಕ್ಕೆ ತಕ್ಕ ರೂಪವನ್ನು ತಾಳುತ್ತಾನೆ. ಅದರ ಅರ್ಥ ಧರ್ಮರಕ್ಷಣೆಯದು, ಭಕ್ತಿಯದು. ಅದನ್ನು ಜೀವಶಾಸ್ತ್ರದ ಸಾಕ್ಷಿಯಾಗಿ ಕರೆತಂದರೆ ಪುರಾಣದ ಅರ್ಥವೂ ಕೆಡುತ್ತದೆ, ವಿಜ್ಞಾನದ ಅರ್ಥವೂ ಕೆಡುತ್ತದೆ. ನನ್ನ ತಾಯಿ ದಿನವೂ ವಿಷ್ಣುಸಹಸ್ರನಾಮ ಹೇಳುತ್ತಿದ್ದರು. ನಾನು ಓದುತ್ತಿದ್ದ ಜೀವಶಾಸ್ತ್ರದ ಪುಸ್ತಕದ ಚಿತ್ರಗಳನ್ನು ಕನ್ನಡಕ ಹಾಕಿಕೊಂಡು ಆಸಕ್ತಿಯಿಂದ ನೋಡುತ್ತಲೂ ಇದ್ದರು. ಎರಡಕ್ಕೂ ಆ ಮನೆಯಲ್ಲಿ ಜಾಗವಿತ್ತು.

ಪ್ರಶ್ನೆ: ನಾನು ಸಿ.ಬಿ.ಎಸ್.ಇ. ಶಾಲೆಯೊಂದರಲ್ಲಿ ವಿಜ್ಞಾನ ಶಿಕ್ಷಕಿ. ಹತ್ತನೆಯ ತರಗತಿಯ ಪುಸ್ತಕದಿಂದ ವಿಕಾಸದ ಪಾಠವನ್ನು ತೆಗೆದದ್ದು ನನಗೆ ಬಹಳ ಬೇಸರ ತಂದಿದೆ. ಪಾಠ ಇಲ್ಲದಿದ್ದರೂ ಮಕ್ಕಳು ಕೇಳುತ್ತಾರೆ. ನಾನು ಏನು ಮಾಡಬಹುದು? — ಓದುಗರೊಬ್ಬರು, ದಾವಣಗೆರೆ

ಉತ್ತರ: ನಿಮ್ಮ ಬೇಸರ ನನ್ನದೂ ಹೌದು. ಕೋವಿಡ್ ಕಾಲದಲ್ಲಿ ಮಕ್ಕಳ ಹೊರೆ ಇಳಿಸಲೆಂದು, ಪಠ್ಯಪುಸ್ತಕಗಳನ್ನು ಸಿದ್ಧಪಡಿಸುವ ಕೇಂದ್ರ ಸಂಸ್ಥೆಯಾದ ಎನ್.ಸಿ.ಇ.ಆರ್.ಟಿ. ಕೈಬಿಟ್ಟ ಭಾಗಗಳಲ್ಲಿ ಇದೂ ಒಂದು. ಆಮೇಲೆ "ಅನುವಂಶೀಯತೆ ಮತ್ತು ವಿಕಾಸ" ಎಂದಿದ್ದ ಅಧ್ಯಾಯ "ಅನುವಂಶೀಯತೆ" ಎಂದಷ್ಟೇ ಉಳಿಯಿತು. 2023ರ ಏಪ್ರಿಲ್‌ನಲ್ಲಿ 1,800ಕ್ಕೂ ಹೆಚ್ಚು ವಿಜ್ಞಾನಿಗಳೂ ಶಿಕ್ಷಕರೂ ಇದರ ವಿರುದ್ಧ ಬಹಿರಂಗ ಪತ್ರಕ್ಕೆ ಸಹಿ ಹಾಕಿದರು. ಹನ್ನೆರಡನೆಯ ತರಗತಿಯ ಜೀವಶಾಸ್ತ್ರದಲ್ಲಿ ವಿಕಾಸದ ಅಧ್ಯಾಯ ಇದೆಯೆಂಬ ಸಮಾಧಾನ ಸಾಲದು. ವಾಣಿಜ್ಯವನ್ನೋ ಕಲೆಯನ್ನೋ ಆರಿಸಿಕೊಳ್ಳುವ, ವಿಜ್ಞಾನದಲ್ಲೂ ಜೀವಶಾಸ್ತ್ರವನ್ನು ಬಿಡುವ ಮಕ್ಕಳಿಗೆ ಹತ್ತನೆಯ ತರಗತಿಯೇ ಕೊನೆಯ ಅವಕಾಶ. ಇದನ್ನು ಡೋವರ್‌ಗೆ ಹೋಲಿಸುವುದು ಸರಿಯಲ್ಲ, ಇಲ್ಲಿ ಬೇರೊಂದು ವಾದವನ್ನು ಯಾರೂ ಒಳಗೆ ತಂದಿಲ್ಲ. ಆದರೆ ಕೇಳಿಸದೆ ಹೋದ ಪಾಠ ಕೂಡ ನಷ್ಟವೇ.

ನೀವು ಮಾಡಬಹುದಾದದ್ದು ಬಹಳಷ್ಟಿದೆ. ನಾನು ಪಾಠ ಹೇಳುತ್ತಿದ್ದಾಗ ಇಟ್ಟುಕೊಂಡಿದ್ದ ಒಂದು ಉಪಾಯವನ್ನು ಹೇಳುತ್ತೇನೆ. ಮಾಂಸದಂಗಡಿಯಲ್ಲಿ ಹೇಳಿಟ್ಟು, ಆಡಿನ ಒಂದು ಮುಂಗಾಲನ್ನು ತುಂಡು ಮಾಡದೆ ಇಡಿಯಾಗಿ ತನ್ನಿ. ಚೆನ್ನಾಗಿ ಬೇಯಿಸಿ, ಮಾಂಸ ಬಿಡಿಸಿ, ಮೂಳೆಗಳನ್ನು ಬಿಸಿಲಿಗೆ ಒಣಗಿಸಿ, ಕ್ರಮವಾಗಿ ಬಿಳಿಯ ಕಾಗದದ ಮೇಲೆ ಜೋಡಿಸಿ. ಅದನ್ನು ಮುಟ್ಟಲು ಇಷ್ಟಪಡದ ಮಕ್ಕಳನ್ನು ಒತ್ತಾಯ ಮಾಡಬೇಡಿ. ಅವರಿಗೆ ತಮ್ಮ ತೋಳೇ ಸಾಕು. ಭುಜದಿಂದ ಮೊಣಕೈವರೆಗೆ ಒಂದು ಮೂಳೆ, ಅಲ್ಲಿಂದ ಮುಂದಕ್ಕೆ ಎರಡು, ಆಮೇಲೆ ಮಣಿಕಟ್ಟಿನ ಸಣ್ಣ ಮೂಳೆಗಳು, ಅಂಗೈ, ಬೆರಳು ಎಂದು ತಮ್ಮ ಕೈಯನ್ನು ತಾವೇ ಒತ್ತಿ ನೋಡಿಕೊಳ್ಳಲಿ. ಬಳಿಕ ಆಡಿನ ಕಾಲಿನಲ್ಲಿ ಅದೇ ಕ್ರಮವನ್ನು ಹುಡುಕಲಿ. ಆಡಿನ ಮುಂಗಾಲಿನ ಮಂಡಿ ಎಂದು ನಾವು ಕರೆಯುವುದು ನಿಜವಾಗಿ ಅದರ ಮಣಿಕಟ್ಟು ಎಂದು ಯಾರಾದರೊಬ್ಬ ಹುಡುಗಿ ತಾನಾಗಿಯೇ ಕಂಡುಹಿಡಿದು ಕೂಗುತ್ತಾಳೆ. ನನ್ನ ತರಗತಿಯಲ್ಲಿ ಪ್ರತಿ ವರ್ಷವೂ ಹಾಗಾಗುತ್ತಿತ್ತು.

ಮಣಿಕಟ್ಟಿನ ಕೆಳಗಿನ ಉದ್ದನೆಯ ಮೂಳೆಯನ್ನು ಕೊನೆಗೆ ತೋರಿಸಿ. ನೋಡಲು ಅದು ಒಂದೇ ಮೂಳೆ. ಆದರೆ ಮುಂಬದಿಯಲ್ಲಿ ಉಗುರಿನಿಂದ ಸವರಿದರೆ ಉದ್ದಕ್ಕೂ ಒಂದು ಗೀರು ಸಿಗುತ್ತದೆ, ಕೆಳತುದಿ ಎರಡಾಗಿ ಸೀಳಿಕೊಂಡಿರುತ್ತದೆ. ಅದು ನಮ್ಮ ಅಂಗೈಯ ನಡುವಿನ ಎರಡು ಮೂಳೆಗಳು ಕೂಡಿ ಒಂದಾದದ್ದು. ಗರಗಸದಿಂದ ಅಡ್ಡ ಕೊಯ್ದರೆ ಒಳಗೆ ಎರಡರ ನಡುವಿನ ಗೋಡೆಯ ಉಳಿಕೆಯೂ ಕಾಣುತ್ತದೆ. ಓಡಲೆಂದೇ ಹೊಸದಾಗಿ ಮಾಡಿದ ಕಾಲಾಗಿದ್ದರೆ ಮೊದಲು ಎರಡು ಮೂಳೆ ಮಾಡಿ ಆಮೇಲೆ ಬೆಸೆಯುವ ಅಗತ್ಯವೇನಿತ್ತು ಎಂಬ ಪ್ರಶ್ನೆಯನ್ನು ನೀವು ಕೇಳಬೇಡಿ. ಮೂಳೆಯನ್ನು ಕೈಯಿಂದ ಕೈಗೆ ದಾಟಿಸಿ, ಸ್ವಲ್ಪ ಹೊತ್ತು ಕಾಯಿರಿ, ಅವರೇ ಕೇಳುತ್ತಾರೆ.